ಸಿಡಿ, ರಿಪ್ ಮಾಡಿದ ಫೈಲ್, ಸ್ಟ್ರೀಮಿಂಗ್: ಕಿವಿಗೆ ಕೇಳುವ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಮನೆಯಲ್ಲಿ ಇನ್ನೂರರಷ್ಟು ಸಿಡಿಗಳಿವೆ. ಕರ್ನಾಟಕ ಸಂಗೀತದ ಕಛೇರಿಗಳು, ಹಿಂದೂಸ್ತಾನಿ ಗಾಯನ, ಹಳೆಯ ಚಿತ್ರಗೀತೆ, ಭಾವಗೀತೆ ಎಲ್ಲವೂ ಇವೆ. ಹಲವು ವರ್ಷಗಳ ಹಿಂದೆ ಕೆಲವನ್ನು ಎಂಪಿ3 ಮಾಡಿ ಕಂಪ್ಯೂಟರಿಗೆ ಹಾಕಿಕೊಂಡಿದ್ದೆ. ಈಗ ಹೆಚ್ಚಾಗಿ ಫೋನಿನ ಆ್ಯಪ್‌ನಿಂದ ಬ್ಲೂಟೂತ್ ಮೂಲಕ ಕೇಳುತ್ತೇನೆ. ಅದೇ ಆಂಪ್ಲಿಫೈಯರ್‌ಗೆ ಸಿಡಿ ಪ್ಲೇಯರ್ ಜೋಡಿಸಿದರೆ ಧ್ವನಿ ತುಂಬಿಕೊಂಡು ಬರುತ್ತದೆ, ಲ್ಯಾಪ್‌ಟಾಪ್ ಜೋಡಿಸಿದರೆ ಸಪ್ಪೆ ಅನಿಸುತ್ತದೆ. ಇದು ನಿಜವೋ, ನನ್ನ ಭ್ರಮೆಯೋ? ಸಿಡಿಗಳನ್ನು ರಿಪ್ ಮಾಡಿ ಯಾರಿಗಾದರೂ ಕೊಟ್ಟುಬಿಡಲೇ, ಹೊಸ ಸಿಡಿ ಪ್ಲೇಯರ್ ಕೊಳ್ಳಲೇ, ಇಲ್ಲ ಹೈ-ರೆಸ್ ಚಂದಾ ಕಟ್ಟಿದರೆ ಸಾಕೇ?

ಉತ್ತರ:

ನಿಮಗೆ ಕೇಳುತ್ತಿರುವ ವ್ಯತ್ಯಾಸ ನಿಜವಾದದ್ದೇ. ಆದರೆ ಅದರ ಕಾರಣವನ್ನು ಸಿಡಿಯ ತಟ್ಟೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಸರಿಯಾಗಿ ರಿಪ್ ಮಾಡಿದ (ಸಿಡಿಯಿಂದ ಕಂಪ್ಯೂಟರಿಗೆ ಇಳಿಸಿದ) ಲಾಸ್‌ಲೆಸ್, ಅಂದರೆ ಏನೂ ಕಳೆಯದ, ಫೈಲ್‌ನಲ್ಲಿ ಸಿಡಿಯಲ್ಲಿದ್ದ ಪ್ರತಿಯೊಂದು ಬಿಟ್ಟೂ ಹಾಗೆಯೇ ಇರುತ್ತದೆ. ಎರಡನ್ನೂ ಒಂದೇ ಡ್ಯಾಕ್‌ನಿಂದ (ಡಿಜಿಟಲ್ ಮಾಹಿತಿಯನ್ನು ಧ್ವನಿಸಂಕೇತವಾಗಿಸುವ ಸಾಧನ), ಒಂದೇ ವಾಲ್ಯೂಮ್‌ನಲ್ಲಿ ಕೇಳಿದರೆ ಯಾವುದು ಯಾವುದೆಂದು ಯಾರೂ ಹೇಳಲಾರರು. ನಿಮ್ಮ ಹೋಲಿಕೆಯಲ್ಲಿ ಬೇರೆ ಬೇರೆ ಇರುವುದು ನಾಲ್ಕು ಸಂಗತಿಗಳು: ವಾಲ್ಯೂಮ್ ಮಟ್ಟ, ಹಳೆಯ ಎಂಪಿ3ಯ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಎಂಬುದು), ಬ್ಲೂಟೂತ್, ಮತ್ತು ಬಹಳ ಮಂದಿ ಗಮನಿಸದೇ ಹೋಗುವ ಮಾಸ್ಟರ್, ಅಂದರೆ ಬಿಡುಗಡೆಗೆ ಸಿದ್ಧಪಡಿಸಿದ ಅಂತಿಮ ಧ್ವನಿಪ್ರತಿ. ಇವನ್ನು ಒಂದೊಂದಾಗಿ ಬಿಡಿಸಿದರೆ ಎಲ್ಲಿಗೆ ದುಡ್ಡು ಹಾಕಬೇಕು, ಎಲ್ಲಿಗೆ ಬೇಡ ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ವಾಲ್ಯೂಮ್. ಹೆಚ್ಚಿನ ಸಿಡಿ ಪ್ಲೇಯರ್‌ಗಳ ಲೈನ್ ಔಟ್ ಗರಿಷ್ಠ ಮಟ್ಟದಲ್ಲಿ ಸುಮಾರು 2 ವೋಲ್ಟ್ ಕೊಡುತ್ತದೆ. ಲ್ಯಾಪ್‌ಟಾಪ್ ಅಥವಾ ಫೋನಿನ 3.5 ಮಿಲಿಮೀಟರ್ ಜ್ಯಾಕ್‌ನಿಂದ ಸಾಮಾನ್ಯವಾಗಿ ಬರುವುದು ಅರ್ಧದಿಂದ ಒಂದು ವೋಲ್ಟ್. ಆಂಪ್ಲಿಫೈಯರ್‌ನ ಗುಂಡಿ ಮುಟ್ಟದೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದರೆ ಸಿಡಿ ಪ್ಲೇಯರ್ 6 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಜೋರಾಗಿರುತ್ತದೆ. ಆರು ಡೆಸಿಬೆಲ್ ಆದರೆ ಜೋರು ಎಂದು ಗೊತ್ತಾಗುತ್ತದೆ. ಒಂದು ಡೆಸಿಬೆಲ್‌ನಷ್ಟು ಸಣ್ಣ ವ್ಯತ್ಯಾಸ ಇನ್ನೂ ಮೋಸ ಮಾಡುತ್ತದೆ. ಅಷ್ಟನ್ನು ಕಿವಿ ‘ಜೋರು’ ಎಂದು ಗುರುತಿಸುವುದಿಲ್ಲ. ‘ತುಂಬಿದ ಧ್ವನಿ’, ‘ಸ್ಪಷ್ಟ ಧ್ವನಿ’ ಎಂದು ಗುರುತಿಸುತ್ತದೆ. ಕಡಿಮೆ ಮಟ್ಟದಲ್ಲಿ ನಮ್ಮ ಕಿವಿಗೆ ಮಂದ್ರ ಸ್ವರಗಳು ಇನ್ನಷ್ಟು ಕಡಿಮೆ ಕೇಳುತ್ತವೆ, ಹಾಗಾಗಿ ಮೃದಂಗದ ತೊಪ್ಪಿಯ ಗುಂಕಾರ ಮೊದಲು ಮಾಯವಾಗುತ್ತದೆ. ನೀವು ‘ಸಪ್ಪೆ’ ಎಂದಿದ್ದರ ದೊಡ್ಡ ಪಾಲು ಇದೇ ಆಗಿರುವ ಸಾಧ್ಯತೆ ಹೆಚ್ಚು.

ಸ್ಟ್ರೀಮಿಂಗ್ ಆ್ಯಪ್‌ಗಳು ಇದಕ್ಕೆ ಇನ್ನೊಂದು ಪದರ ಸೇರಿಸುತ್ತವೆ. ಒಂದು ಹಾಡು ಕಿರುಚಿ ಇನ್ನೊಂದು ಪಿಸುಗುಟ್ಟಬಾರದೆಂದು ಅವು ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ಸ್ಪಾಟಿಫೈ ಮತ್ತು ಯೂಟ್ಯೂಬ್ ಸುಮಾರು -14 ಎಲ್‌ಯುಎಫ್‌ಎಸ್ (ಹಾಡಿನ ಸರಾಸರಿ ಜೋರನ್ನು ಅಳೆಯುವ ಮಾನ, ಸೊನ್ನೆಗೆ ಹತ್ತಿರವಾದಷ್ಟೂ ಜೋರು), ಆ್ಯಪಲ್ ಮ್ಯೂಸಿಕ್ ಸುಮಾರು -16 ಇಟ್ಟುಕೊಂಡಿವೆ. ಈಚಿನ ಚಿತ್ರಗೀತೆಗಳನ್ನು -8 ಅಥವಾ -9ರ ಆಸುಪಾಸಿನಲ್ಲಿ ಮಾಸ್ಟರ್ ಮಾಡುವುದು ಸಾಮಾನ್ಯ. ಅಂಥ ಹಾಡು ಆ್ಯಪ್‌ನಲ್ಲಿ ಐದಾರು ಡೆಸಿಬೆಲ್ ಇಳಿದು ಬರುತ್ತದೆ, ಸಿಡಿಯಲ್ಲಿ ಇಳಿಯದೆ ಬರುತ್ತದೆ. ಇದರಿಂದ ಗುಣಮಟ್ಟಕ್ಕೆ ಏನೂ ಹಾನಿಯಿಲ್ಲ, ಬರೀ ಮಟ್ಟ ಇಳಿಯುತ್ತದೆ. ಹೋಲಿಸುವ ದಿನ ಮಾತ್ರ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಈ ವಾಲ್ಯೂಮ್ ಸಮೀಕರಣವನ್ನು ಆಫ್ ಮಾಡಿ.

ಸಿಡಿಯಲ್ಲಿ ಇರುವುದೇನು

ಫಿಲಿಪ್ಸ್ ಮತ್ತು ಸೋನಿ 1980ರಲ್ಲಿ ನಿಗದಿ ಮಾಡಿದ ಮಾನದಂಡವೇ ಇಂದಿಗೂ ಸಿಡಿಯದು: ಸೆಕೆಂಡಿಗೆ 44,100 ಸ್ಯಾಂಪಲ್ (ಧ್ವನಿಯ ಅಳತೆ), ಪ್ರತಿ ಸ್ಯಾಂಪಲ್‌ಗೆ 16 ಬಿಟ್, ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 1,411 ಕಿಲೋಬಿಟ್. ಮೊದಲ ಪ್ಲೇಯರ್‌ಗಳು 1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದವು. 44,100 ಎಂಬ ವಿಚಿತ್ರ ಸಂಖ್ಯೆ ಆ ಕಾಲದ ವಿಡಿಯೋ ಟೇಪ್‌ನಿಂದ ಬಂದದ್ದು: ಡಿಜಿಟಲ್ ಧ್ವನಿಯನ್ನು ವಿಡಿಯೋ ರೆಕಾರ್ಡರ್‌ನಲ್ಲೇ ಕೂಡಿಡುತ್ತಿದ್ದರು, ಒಂದು ಗೆರೆಗೆ 3 ಸ್ಯಾಂಪಲ್, 245 ಗೆರೆ, ಸೆಕೆಂಡಿಗೆ 60 ಫೀಲ್ಡ್. ಈ ದರದಲ್ಲಿ 22,050 ಹರ್ಟ್ಸ್‌ವರೆಗಿನ ಧ್ವನಿಯನ್ನು ಪೂರ್ತಿಯಾಗಿ ಮತ್ತೆ ಕಟ್ಟಬಹುದು. ಎಳೆಯ ಕಿವಿಗೆ ಕೇಳುವುದೇ 20,000ದವರೆಗೆ. ಐವತ್ತು ದಾಟಿದವರಲ್ಲಿ ಹೆಚ್ಚಿನವರಿಗೆ ಅದು 12–14 ಸಾವಿರಕ್ಕೆ ಇಳಿದಿರುತ್ತದೆ. ಮೆಲುದನಿಗೂ ಜೋರಿಗೂ ನಡುವೆ ಹದಿನಾರು ಬಿಟ್ ಕೊಡುವ 96 ಡೆಸಿಬೆಲ್ ಅಂತರ ಫ್ಯಾನ್ ತಿರುಗುವ ನಮ್ಮ ಮನೆಗಳಲ್ಲಿ ಬೇಕಾದ್ದಕ್ಕಿಂತ ಜಾಸ್ತಿ.

ಹೈ-ರೆಸ್, ಅಂದರೆ ಸಿಡಿಗಿಂತ ಹೆಚ್ಚು ಬಿಟ್, ಹೆಚ್ಚು ಸ್ಯಾಂಪಲ್ ಇರುವ ಧ್ವನಿಯ ಬಗೆಗಿನ ನಿಮ್ಮ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೈ-ರೆಸ್ ಡಿಸ್ಕ್‌ನ ಧ್ವನಿಯನ್ನು ನೇರವಾಗಿ ಒಮ್ಮೆ, ಸಿಡಿ ಮಟ್ಟಕ್ಕೆ ಇಳಿಸಿ ಒಮ್ಮೆ ಕೇಳಿಸಿ ಗುರುತಿಸಲು ಹೇಳಿದ್ದರು. 554 ಸಲದಲ್ಲಿ ಸರಿಯಾದದ್ದು 276, ಅಂದರೆ ನಾಣ್ಯ ಚಿಮ್ಮಿದಷ್ಟೇ. ಸಂಶೋಧಕ ಜೋಶುವಾ ರೀಸ್ 2016ರಲ್ಲಿ ಇಂಥ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿದಾಗ ಸರಿಯುತ್ತರ ಶೇಕಡ 52ರಷ್ಟಿತ್ತು. ತರಬೇತಿ ಪಡೆದ ಕಿವಿಗಳಲ್ಲಿ ಇನ್ನಷ್ಟು ಹೆಚ್ಚು. ವ್ಯತ್ಯಾಸ ಇದ್ದರೂ ಅಷ್ಟು ತೆಳು. 24 ಬಿಟ್ ಸ್ಟುಡಿಯೋದಲ್ಲಿ ಧ್ವನಿ ಹಿಡಿಯುವವರಿಗೆ, ಮಿಕ್ಸ್ ಮಾಡುವವರಿಗೆ ನಿಜಕ್ಕೂ ಬೇಕು. ಕೇಳುವವರು ಅದಕ್ಕಾಗಿ ಹೆಚ್ಚಿನ ಚಂದಾ ಕಟ್ಟುವುದನ್ನು ಸಮರ್ಥಿಸಲಾರೆ. ಸಿಡಿ ಮಟ್ಟದ ಲಾಸ್‌ಲೆಸ್ ಸಿಕ್ಕರೆ ಅಲ್ಲಿಗೆ ನಿಲ್ಲಿಸಿ.

ನಿಮ್ಮ ಹಳೆಯ ಎಂಪಿ3ಗಳು

ಇವುಗಳ ವಿಚಾರದಲ್ಲಿ ನಿಮ್ಮ ಕಿವಿ ಹೇಳಿದ್ದು ಸರಿ. ಆ ಕಾಲದ ರಿಪ್ಪಿಂಗ್ ತಂತ್ರಾಂಶಗಳು, ಸೆಟ್ಟಿಂಗ್ ಮುಟ್ಟದಿದ್ದರೆ, ಹೆಚ್ಚಾಗಿ 128 ಕೆಬಿಪಿಎಸ್‌ಗೆ (ಸೆಕೆಂಡಿಗೆ ಕಿಲೋಬಿಟ್) ಇಳಿಸುತ್ತಿದ್ದವು. 1,411 ಇದ್ದದ್ದು 128 ಆದರೆ ಹನ್ನೊಂದರಲ್ಲಿ ಒಂದು ಪಾಲು ಉಳಿದಂತೆ. ಹೋದದ್ದರಲ್ಲಿ ಬಹುಪಾಲು ಕಿವಿಗೆ ಹೇಗೂ ಕೇಳದ ಭಾಗ, ಆದರೆ 128ರಲ್ಲಿ ಎಂಪಿ3 ಮಾಡುವ ಎನ್‌ಕೋಡರ್‌ಗೆ ಅಷ್ಟರಿಂದ ಸಾಲುವುದಿಲ್ಲ, ಕೇಳುವ ಭಾಗಕ್ಕೂ ಕೈ ಹಾಕುತ್ತದೆ. ಸುಮಾರು 16,000 ಹರ್ಟ್ಸ್ ಮೇಲಿನದ್ದನ್ನು ಸಾಮಾನ್ಯವಾಗಿ ಪೂರ್ತಿ ಕತ್ತರಿಸುತ್ತದೆ.

ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಇದು ಎರಡು ಕಡೆ ಚೆನ್ನಾಗಿ ಗೊತ್ತಾಗುತ್ತದೆ. ಒಂದು, ಘಟ, ಖಂಜಿರ, ಮೋರ್ಸಿಂಗ್, ತಬಲಾದ ಚಾಟಿ ಮೇಲಿನ ಪೆಟ್ಟು. ಎಂಪಿ3 ಧ್ವನಿಯನ್ನು 1,152 ಸ್ಯಾಂಪಲ್‌ಗಳ, ಅಂದರೆ ಸುಮಾರು 26 ಮಿಲಿಸೆಕೆಂಡಿನ ಫ್ರೇಮ್‌ಗಳಾಗಿ ಕತ್ತರಿಸಿ ಲೆಕ್ಕ ಮಾಡುತ್ತದೆ. ನಿಶ್ಶಬ್ದದ ನಡುವೆ ಥಟ್ಟನೆ ಪೆಟ್ಟು ಬಿದ್ದಾಗ ಲೆಕ್ಕದ ತಪ್ಪು ಪೆಟ್ಟಿನ ನಂತರಕ್ಕೆ ಮಾತ್ರವಲ್ಲ, ಪೆಟ್ಟಿಗೆ ಮುಂಚಿನ ಭಾಗಕ್ಕೂ ಹರಡುತ್ತದೆ. ಪೆಟ್ಟಿನ ನಂತರದ ಗದ್ದಲ ಅದರ ನಾದದಲ್ಲೇ ಮುಚ್ಚಿಹೋಗುತ್ತದೆ, ಮುಂಚಿನದು ಮುಚ್ಚುವುದಿಲ್ಲ. ಹೀಗಾಗಿ ಪೆಟ್ಟಿನ ಅಂಚು ಮೊಂಡಾಗಿ, ಮುಂದೆ ಒಂದು ‘ಫ್ಸ್’ ಬಂದಂತೆ ಕೇಳುತ್ತದೆ. ಎನ್‌ಕೋಡರ್ ಇಂಥ ಕಡೆ ಚಿಕ್ಕ ತುಂಡುಗಳಿಗೆ ಬದಲಾಯಿಸುತ್ತದೆ, ಆದರೆ ಅದಕ್ಕೆ ಹೆಚ್ಚು ಬಿಟ್ ಬೇಕು, 128ರಲ್ಲಿ ಅಷ್ಟು ಇರುವುದಿಲ್ಲ. ಎರಡನೆಯದು ತಂಬೂರ. ಜೀವಾಳಿಯಿಂದ ಏಳುವ ಸಾಲು ಸಾಲು ಉಪಸ್ವರಗಳು ಒಂದೇ ಸಮನೆ ಹರಿಯಬೇಕು. ಕಡಿಮೆ ಬಿಟ್‌ರೇಟ್‌ನಲ್ಲಿ ಮೇಲಿನ ಉಪಸ್ವರಗಳು ಒಂದು ಫ್ರೇಮ್‌ನಲ್ಲಿ ಇದ್ದು ಮುಂದಿನದರಲ್ಲಿ ಇಲ್ಲವಾಗಿ, ನೀರೊಳಗಿಂದ ಕೇಳಿದಂತೆ ಸುಳಿಸುಳಿಯಾಗುತ್ತದೆ. ಕಛೇರಿಯ ಚಪ್ಪಾಳೆಯಲ್ಲೂ ಇದೇ ಕತೆ. ವ್ಯತ್ಯಾಸ ಪರೀಕ್ಷಿಸಲು ಗಾಯಕರ ಕಂಠಕ್ಕಿಂತ ತನಿ ಆವರ್ತನದ ಘಟದ ಸರದಿಯನ್ನು ಆರಿಸಿಕೊಳ್ಳಿ.

ಲೇಮ್ ಎಂಬ ಎಂಪಿ3 ಎನ್‌ಕೋಡರ್‌ನಲ್ಲಿ ಗುಣಮಟ್ಟದ ಸೆಟ್ಟಿಂಗನ್ನು ವಿ2 (ಸರಾಸರಿ 190 ಕೆಬಿಪಿಎಸ್ ಸುಮಾರು) ಅಥವಾ ವಿ0 (245 ಸುಮಾರು) ಇಟ್ಟು ಮಾಡಿದ ಎಂಪಿ3ಯನ್ನು ಮೂಲದಿಂದ ಬೇರ್ಪಡಿಸಿ ಗುರುತಿಸುವುದು ಬಹುತೇಕರಿಗೆ ಆಗುವುದಿಲ್ಲ. ಕಾರಿಗೆ ಅದು ಧಾರಾಳವಾಯಿತು: ಇಂಜಿನ್ ಮತ್ತು ಟೈರ್ ಸದ್ದಿನಲ್ಲಿ ಅದಕ್ಕಿಂತ ಸೂಕ್ಷ್ಮವಾದದ್ದು ಉಳಿಯುವುದಿಲ್ಲ. ಆದರೆ 128ರ ಫೈಲನ್ನು 320 ಎಂಪಿ3 ಅಥವಾ ಫ್ಲ್ಯಾಕ್ (ಒಂದು ಲಾಸ್‌ಲೆಸ್ ಫೈಲ್ ರೂಪ) ಆಗಿ ಪರಿವರ್ತಿಸಿ ಪ್ರಯೋಜನವಿಲ್ಲ. ಕೆನೆ ತೆಗೆದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದರೆ ಕೆನೆ ಬರುವುದಿಲ್ಲ. ನಿಮ್ಮ ಹಳೆಯ ಎಂಪಿ3ಗಳನ್ನು ಅಳಿಸಿ, ಸಿಡಿಯಿಂದಲೇ ಮತ್ತೆ ತೆಗೆಯಬೇಕು.

ಅದಕ್ಕೆ ಮೊದಲು ಒಂದು ತಪಾಸಣೆ. ನಮ್ಮಲ್ಲಿ ‘ಸಿಡಿ’ ಎಂದು ಕೊಂಡದ್ದೆಲ್ಲ ಆಡಿಯೋ ಸಿಡಿಯಲ್ಲ. ನೂರು ಹಾಡು, ನೂರೈವತ್ತು ಹಾಡು ಎಂದು ಮುಖಪುಟದಲ್ಲಿ ಬರೆದ ತಟ್ಟೆಗಳು ಎಂಪಿ3 ಸಿಡಿಗಳು. ಕಂಪ್ಯೂಟರಿಗೆ ಹಾಕಿ ನೋಡಿ: ಎಂಪಿ3 ಫೈಲ್‌ಗಳು ಕಂಡರೆ ಅದರಲ್ಲಿ ಇರುವುದು ಆಗಲೇ ಕುಗ್ಗಿಸಿದ ಧ್ವನಿ, ಹಾಗೆಯೇ ಕಾಪಿ ಮಾಡಿಕೊಳ್ಳಿ. ಟ್ರ್ಯಾಕ್01.ಸಿಡಿಎ ಎಂಬಂಥ ಪುಟ್ಟ ಫೈಲ್‌ಗಳು ಕಂಡರೆ ಅದು ಆಡಿಯೋ ಸಿಡಿ. ಆ ಸಿಡಿಎ ಫೈಲ್‌ಗಳನ್ನು ಕಾಪಿ ಮಾಡಿ ಹಾಡು ಸಿಕ್ಕಿತೆಂದು ತಿಳಿಯಬೇಡಿ. ಅವು ತಲಾ 44 ಬೈಟ್‌ನ ವಿಳಾಸ ಚೀಟಿಗಳು ಮಾತ್ರ, ಹಾಡು ಅದರಲ್ಲಿಲ್ಲ.

ಮಾಸ್ಟರ್: ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ

ಒಂದೇ ಹಾಡು ಆ್ಯಪ್‌ನಲ್ಲಿ ನಾಲ್ಕಾರು ಆಲ್ಬಮ್‌ಗಳಲ್ಲಿ ಇರುತ್ತದೆ. ಹೆಸರು ಒಂದೇ, ಗಾಯಕರು ಒಂದೇ, ಧ್ವನಿ ಬೇರೆ. 1960–70ರ ದಶಕದ ಕನ್ನಡ ಚಿತ್ರಗೀತೆಗಳಲ್ಲಿ ಹೆಚ್ಚಿನವು ಮೋನೋದಲ್ಲಿ ಧ್ವನಿಮುದ್ರಣವಾದವು. ಅವು ಮೂಲ ಟೇಪ್‌ನಿಂದ ಒಮ್ಮೆ, ಸವೆದ ರೆಕಾರ್ಡಿನಿಂದ ಒಮ್ಮೆ, ಚಿತ್ರದ ಪ್ರಿಂಟಿನ ಧ್ವನಿಪಥದಿಂದ ಒಮ್ಮೆ ಡಿಜಿಟಲ್‌ಗೆ ಇಳಿದಿರಬಹುದು. ಗರಗರ ತೆಗೆಯುವ ನೆಪದಲ್ಲಿ ಸದ್ದು ತೆಗೆಯುವ ಫಿಲ್ಟರ್ ಅತಿಯಾದರೆ ಪಿಟೀಲಿನ ಹೊಳಪೂ ಅದರ ಜೊತೆಗೇ ಹೋಗುತ್ತದೆ. ಮೋನೋ ಹಾಡಿಗೆ ಪ್ರತಿಧ್ವನಿ ಸೇರಿಸಿ ಸ್ಟೀರಿಯೋ ಎಂದು ಮಾರಿದ್ದೂ ಉಂಟು, ಮೇಲೆ ಹೊಸ ಡೋಲು ಬಡಿದು ‘ಝಂಕಾರ್’ ಮಾಡಿದ್ದೂ ಉಂಟು. 1990ರ ದಶಕದ ಕೊನೆಯಿಂದ ಇನ್ನೊಂದು ಪಿಡುಗು ಶುರುವಾಯಿತು: ಬೇರೆಯವರ ಹಾಡಿಗಿಂತ ಜೋರಾಗಿ ಕೇಳಬೇಕೆಂದು ಇಡೀ ಹಾಡಿನ ಏರಿಳಿತವನ್ನು ಕಂಪ್ರೆಸ್ ಮಾಡಿ ಮೇಲಿನ ಅಂಚಿಗೆ ತಳ್ಳುವುದು. ಪಲ್ಲವಿಯ ಮೆಲುದನಿಗೂ ಚರಣದ ಏರಿಗೂ ಅಂತರವೇ ಉಳಿಯುವುದಿಲ್ಲ.

ಹೀಗಾಗಿ ನಿಮ್ಮ 1990ರ ಸಿಡಿ ಒಂದು ಮಾಸ್ಟರ್, ಆ್ಯಪ್‌ನಲ್ಲಿ ಇರುವ ‘ರಿಮಾಸ್ಟರ್ಡ್’ ಇನ್ನೊಂದು. ಇಲ್ಲಿ ಸಿಡಿ ಚೆನ್ನಾಗಿ ಕೇಳಿದರೆ ಅದರ ಶ್ರೇಯಸ್ಸು ಆ ಕಾಲದ ಮಾಸ್ಟರಿಂಗ್ ಎಂಜಿನಿಯರ್‌ಗೆ ಸಲ್ಲಬೇಕು. ಉಲ್ಟಾ ಕೂಡ ಆಗುತ್ತದೆ: ಆತುರದಲ್ಲಿ ಕ್ಯಾಸೆಟ್‌ನಿಂದ ಇಳಿಸಿದ ಸಿಡಿಗಿಂತ, ಮೂಲ ಟೇಪ್ ಹುಡುಕಿ ಹೊಸದಾಗಿ ಮಾಡಿದ ಸ್ಟ್ರೀಮಿಂಗ್ ಆವೃತ್ತಿ ಎಷ್ಟೋ ಮೇಲು. ಫೂಬಾರ್2000 ಪ್ಲೇಯರ್‌ಗೆ ಸಿಗುವ ಡೈನಮಿಕ್ ರೇಂಜ್ ಮೀಟರ್‌ನಲ್ಲಿ ನಿಮ್ಮ ರಿಪ್ ಅಳೆದು ನೋಡಬಹುದು. ಹಳೆಯ ಸಿಡಿಗೆ 12–14 ಬಂದರೆ ಏರಿಳಿತ ಉಳಿದಿದೆ ಎಂದರ್ಥ, 6–7 ಬಂದರೆ ಚೆನ್ನಾಗಿ ಹಿಂಡಿದ್ದಾರೆ.

ಇದೇ ಕಾರಣಕ್ಕೆ ಸಿಡಿಗಳನ್ನು ಕೊಟ್ಟುಬಿಡಬೇಡಿ ಎನ್ನುತ್ತೇನೆ. ಆ್ಯಪ್‌ನಲ್ಲಿ ಯಾವ ಮಾಸ್ಟರ್ ಇರಬೇಕೆಂಬುದು ನಿಮ್ಮ ಕೈಯಲ್ಲಿಲ್ಲ. ಒಪ್ಪಂದ ಮುಗಿದರೆ ಆಲ್ಬಮ್ ಒಂದು ಬೆಳಿಗ್ಗೆ ಕಾಣೆಯಾಗುತ್ತದೆ. ಚಿಕ್ಕ ಸಂಸ್ಥೆಗಳು ತಂದ ಸುಗಮ ಸಂಗೀತ, ರಂಗಗೀತೆ, ಹರಿಕಥೆ, ಯಕ್ಷಗಾನದ ಎಷ್ಟೋ ತಟ್ಟೆಗಳು ಸ್ಟ್ರೀಮಿಂಗ್‌ಗೆ ಬಂದೇ ಇಲ್ಲ. ಇನ್ನು ಒಳಗಿನ ಚೀಟಿ. ಪಿಟೀಲು ಯಾರು, ಮೃದಂಗ ಯಾರು, ಕೃತಿಯ ರಾಗ ತಾಳ ಯಾವುದು ಎಂಬುದು ಅಲ್ಲಿರುತ್ತದೆ, ಆ್ಯಪ್‌ನಲ್ಲಿ ಬಹಳ ಸಲ ಗಾಯಕರ ಹೆಸರೊಂದೇ. ಪಕ್ಕವಾದ್ಯದವರ ಹೆಸರು ಅಳಿಸಿಹೋಗುವುದು ಸಣ್ಣ ಮಾತಲ್ಲ.

ಸರಿಯಾಗಿ ರಿಪ್ ಮಾಡುವುದು

ಡೇಟಾ ಸಿಡಿಯಿಂದ ಫೈಲ್ ಕಾಪಿ ಮಾಡುವಷ್ಟು ಇದು ಸುಲಭವಲ್ಲ, ಅದಕ್ಕೆ ತಟ್ಟೆಯ ರಚನೆಯೇ ಕಾರಣ. ಸೆಕೆಂಡಿಗೆ 75 ಸೆಕ್ಟರ್, ಒಂದೊಂದೂ 2,352 ಬೈಟ್. ಡೇಟಾ ಸಿಡಿ ಇದರಲ್ಲಿ 2,048 ಬೈಟನ್ನು ಮಾತ್ರ ಮಾಹಿತಿಗೆ ಬಳಸಿ ಉಳಿದದ್ದನ್ನು ವಿಳಾಸಕ್ಕೂ ಹೆಚ್ಚುವರಿ ತಪ್ಪು ತಿದ್ದುವಿಕೆಗೂ ಇಡುತ್ತದೆ. ಆಡಿಯೋ ಸಿಡಿ ಪೂರ್ತಿ 2,352ನ್ನೂ ಸಂಗೀತಕ್ಕೇ ಕೊಡುತ್ತದೆ. ಅದರಲ್ಲಿರುವುದು ಕೆಳಹಂತದ ತಿದ್ದುವಿಕೆ ಮಾತ್ರ. ಅದೂ ಬಲವಾದದ್ದೇ: ಹಾದಿಯುದ್ದಕ್ಕೂ ಸುಮಾರು 2.5 ಮಿಲಿಮೀಟರ್ ಮಾಹಿತಿ ಹಾಳಾದರೂ ಪೂರ್ತಿ ಸರಿಪಡಿಸುತ್ತದೆ. ಅದಕ್ಕೂ ಮೀರಿದರೆ ಸಿಡಿ ಪ್ಲೇಯರ್ ಅಕ್ಕಪಕ್ಕದ ಸ್ಯಾಂಪಲ್ ನೋಡಿ ಊಹಿಸಿ ತುಂಬುತ್ತದೆ, ಊಹೆಗೂ ನಿಲುಕದಿದ್ದರೆ ಒಂದು ಕ್ಷಣ ಮೌನ ಮಾಡುತ್ತದೆ. ನಿಮಗೆ ಏನೂ ಹೇಳುವುದಿಲ್ಲ. ಕಂಪ್ಯೂಟರಿನ ಡ್ರೈವ್ ಕೂಡ ಕೇಳದಿದ್ದರೆ ಹೀಗೇ ಮಾಡುತ್ತದೆ. ಆದ್ದರಿಂದ ಓದಿದ್ದನ್ನು ಮತ್ತೆ ಮತ್ತೆ ಓದಿ ತಾಳೆ ನೋಡುವ ತಂತ್ರಾಂಶ ಬೇಕು: ವಿಂಡೋಸ್‌ಗೆ ಎಕ್ಸಾಕ್ಟ್ ಆಡಿಯೋ ಕಾಪಿ, ಮ್ಯಾಕ್‌ಗೆ ಎಕ್ಸ್‌ಎಲ್‌ಡಿ, ಲಿನಕ್ಸ್‌ಗೆ ವಿಪ್ಪರ್. ಮೂರೂ ಉಚಿತ. ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿ ಡಿವಿಡಿ ರೈಟರ್ ಸಾಕು.

ವಿಂಡೋಸ್ ಕ್ರಮ ಹೇಳುತ್ತೇನೆ. ಎಕ್ಸಾಕ್ಟ್ ಆಡಿಯೋ ಕಾಪಿ ಹಾಕಿದ ಮೇಲೆ ಡ್ರೈವ್ ಆಪ್ಷನ್ಸ್‌ನಲ್ಲಿ ಸೆಕ್ಯೂರ್ ಮೋಡ್ ಆರಿಸಿ. ‘ಡ್ರೈವ್ ಕ್ಯಾಶಸ್ ಆಡಿಯೋ ಡೇಟಾ’ ಎಂಬುದಕ್ಕೆ ಟಿಕ್ ಹಾಕಿ: ಇಲ್ಲವಾದರೆ ಎರಡನೇ ಸಲದ ಓದು ತಟ್ಟೆಯಿಂದ ಬರದೆ ಡ್ರೈವ್‌ನ ನೆನಪಿನಿಂದ ಬಂದು, ತಪ್ಪು ತಪ್ಪಿಗೇ ತಾಳೆಯಾಗುತ್ತದೆ. ಓದುವಾಗಿನ ತಪ್ಪನ್ನು ಡ್ರೈವ್ ತಾನೇ ಹೇಳುವ ಸಿ2 ಸೂಚನೆಯ ಟಿಕ್ ತೆಗೆಯಿರಿ, ಬಹಳಷ್ಟು ಡ್ರೈವ್‌ಗಳ ಸಿ2 ವರದಿ ನಂಬುವಂತಿಲ್ಲ. ಮುಂದೆ ರೀಡ್ ಆಫ್‌ಸೆಟ್. ಪ್ರತಿ ಮಾದರಿಯ ಡ್ರೈವ್ ನಿಗದಿಯಾದ ಇಂತಿಷ್ಟು ಸ್ಯಾಂಪಲ್ ಹಿಂದೆಯೋ ಮುಂದೆಯೋ ಓದುತ್ತದೆ. ಕೆಲವದರಲ್ಲಿ 6, ಕೆಲವದರಲ್ಲಿ 667. 667 ಎಂದರೂ 15 ಮಿಲಿಸೆಕೆಂಡ್ ಅಷ್ಟೇ, ಕಿವಿಗೆ ಗೊತ್ತಾಗದು. ಆದರೆ ಬೇರೆಯವರ ರಿಪ್‌ಗೆ ತಾಳೆ ಹಾಕಲು ಸರಿಯಿರಬೇಕು. ಪ್ರಸಿದ್ಧವಾದ ಯಾವುದಾದರೂ ಅಂತರರಾಷ್ಟ್ರೀಯ ಆಲ್ಬಮ್‌ನ ಸಿಡಿ ಹಾಕಿದರೆ ಆಕ್ಯುರೇಟ್‌ರಿಪ್ ಎಂಬ ದತ್ತಸಂಚಯ ನಿಮ್ಮ ಡ್ರೈವ್‌ನ ಆಫ್‌ಸೆಟ್ಟನ್ನು ತಾನೇ ಗುರುತಿಸಿ ಹೊಂದಿಸುತ್ತದೆ. ಇದು ಒಂದೇ ಸಲದ ಕೆಲಸ.

ನಂತರ ಪ್ರತಿ ಸಿಡಿಗೂ ‘ಟೆಸ್ಟ್ ಅಂಡ್ ಕಾಪಿ’, ಫ್ಲ್ಯಾಕ್ ರೂಪಕ್ಕೆ. ತಂತ್ರಾಂಶ ಪ್ರತಿ ಹಾಡನ್ನೂ ಎರಡು ಸಲ ಪೂರ್ತಿ ಓದಿ ಎರಡಕ್ಕೂ ಒಂದು ಚೆಕ್‌ಸಮ್ (ಮಾಹಿತಿಯಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಬರೆಯುತ್ತದೆ. ಎರಡೂ ಒಂದೇ ಇರಬೇಕು. ಜೊತೆಗೆ ‘ಆಕ್ಯುರೇಟ್ಲಿ ರಿಪ್ಡ್, ಕಾನ್ಫಿಡೆನ್ಸ್ 8’ ಎಂಬಂತೆ ಬಂದರೆ ಎಂಟು ರಿಪ್‌ಗಳಲ್ಲಿ ಇದೇ ಫಲ ಬಂದಿದೆ ಎಂದರ್ಥ, ಅಲ್ಲಿಗೆ ಸಂಶಯವಿಲ್ಲ. ಕನ್ನಡದ ಸಿಡಿಗಳಲ್ಲಿ ಅನೇಕವು ಆ ಸಂಚಯದಲ್ಲಿ ಇರುವುದಿಲ್ಲ. ಅದಕ್ಕಾಗಿ ಗಾಬರಿ ಬೇಡ. ಎರಡು ಓದಿನ ಚೆಕ್‌ಸಮ್ ತಾಳೆಯಾದರೆ ಬಹುತೇಕ ಸರಿ. ಅಪರೂಪದ ತಟ್ಟೆಯಾದರೆ ಬೇರೆ ಕಂಪನಿಯ ಇನ್ನೊಂದು ಡ್ರೈವ್‌ನಲ್ಲೂ ಓದಿಸಿ. ಆ ಡ್ರೈವ್‌ನ ಆಫ್‌ಸೆಟ್ ಸರಿಯಿದ್ದೂ ಅದೇ ಚೆಕ್‌ಸಮ್ ಬಂದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಫ್ಲ್ಯಾಕ್‌ನ 0ಯಿಂದ 8ರವರೆಗಿನ ಹಂತಗಳು ಗಾತ್ರಕ್ಕೆ ಸಂಬಂಧಿಸಿದವು, ಗುಣಮಟ್ಟಕ್ಕಲ್ಲ. 5 ಇಟ್ಟರೆ ಸಾಕು. ಗಂಟೆಯ ಸಿಡಿ 635 ಎಂಬಿ ಇದ್ದದ್ದು 350ರ ಆಸುಪಾಸಿಗೆ ಇಳಿಯುತ್ತದೆ. ತಂಬೂರದ ಜೊತೆ ಒಂದೇ ಕಂಠ ಇದ್ದರೆ ಇನ್ನೂ ಕಡಿಮೆ, ಮೋನೋ ಧ್ವನಿಮುದ್ರಣವಾದರೆ ಅದಕ್ಕಿಂತಲೂ ಕಡಿಮೆ. ನಿಮ್ಮ ಇನ್ನೂರು ಸಿಡಿ 70 ಜಿಬಿಗೆ ಮುಗಿಯುತ್ತವೆ. ಐಫೋನ್ ಬಳಸುವವರಾದರೆ ಆ್ಯಪಲ್‌ನ ಲಾಸ್‌ಲೆಸ್ ರೂಪವಾದ ಎಎಲ್‌ಎಸಿ ಆರಿಸಿ, ಧ್ವನಿ ಒಂದೇ. ಆಮೇಲೆ ಒಂದರಿಂದ ಇನ್ನೊಂದಕ್ಕೆ ಏನೂ ಕಳೆಯದೆ ಬದಲಾಯಿಸಬಹುದು.

ಗೀರು ಬಿದ್ದ ತಟ್ಟೆಯಲ್ಲಿ ತಂತ್ರಾಂಶ ಒಂದೇ ಕಡೆ ಗಂಟೆಗಟ್ಟಲೆ ಒದ್ದಾಡುತ್ತದೆ. ನಿಲ್ಲಿಸಿ, ಹೊರತೆಗೆದು, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ವೃತ್ತಾಕಾರದಲ್ಲಿ ಒರೆಸಬೇಡಿ. ಆಗ ಬೀಳುವ ಸಣ್ಣ ಗೀರು ಮಾಹಿತಿಯ ಹಾದಿಯುದ್ದಕ್ಕೂ ಹೋಗಿ ಆ 2.5 ಮಿಲಿಮೀಟರ್ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಅಡ್ಡ ಗೀರಾದರೆ ಹಾದಿಯನ್ನು ಒಂದು ಬಿಂದುವಿನಲ್ಲಿ ಮಾತ್ರ ಕತ್ತರಿಸುತ್ತದೆ. ವೇಗವನ್ನು 8x ಅಥವಾ 4xಗೆ ಇಳಿಸಿ ನೋಡಿ. ಹೊಳೆಯುವ ಬದಿಯ ಗೀರಿಗಿಂತ ಚಿತ್ರ ಇರುವ ಬದಿಯ ಗೀರು ಅಪಾಯಕಾರಿ: ಕೆಳಗಡೆ 1.2 ಮಿಲಿಮೀಟರ್ ಪ್ಲಾಸ್ಟಿಕ್ ಕಾವಲಿದೆ, ಮೇಲ್ಗಡೆ ತೆಳು ಲ್ಯಾಕರ್ ಕೆಳಗೇ ಅಲ್ಯೂಮಿನಿಯಂ ಪದರ. ದೀಪಕ್ಕೆ ಹಿಡಿದಾಗ ಚುಕ್ಕಿ ಚುಕ್ಕಿಯಾಗಿ ಬೆಳಕು ತೂರಿ ಬಂದರೆ ಪದರ ಹೋಗಿದೆ, ಪಾಲಿಶ್ ಮಾಡಿ ಪ್ರಯೋಜನವಿಲ್ಲ. ಮಲೆನಾಡು, ಕರಾವಳಿಯ ತೇವದಲ್ಲಿ ಮೇಲ್ಮೈಗೆ ಹಿಡಿಯುವ ಬೂಷ್ಟು ಮಾತ್ರ ತೊಳೆದರೆ ಹೋಗುತ್ತದೆ.

ಇನ್ನೊಂದು ತೊಡಕು 1980ರ ದಶಕದ ಕೆಲವು ವಿದೇಶಿ ಮುದ್ರಣಗಳದು. ಅವುಗಳಲ್ಲಿ ಪ್ರೀ-ಎಂಫಸಿಸ್ ಎಂಬ ವ್ಯವಸ್ಥೆ ಇದೆ: ತಾರ ಭಾಗವನ್ನು ಬೇಕೆಂದೇ ಎತ್ತಿ ಮುದ್ರಿಸಿ, ಪ್ಲೇಯರ್‌ನಲ್ಲಿ ಇಳಿಸಿಕೊಳ್ಳುವುದು. ರಿಪ್ ಮಾಡಿದ ಫೈಲ್‌ಗೆ ಅದು ತಿಳಿಯದು, 20,000 ಹರ್ಟ್ಸ್ ಹತ್ತಿರ 9 ಡೆಸಿಬೆಲ್‌ನಷ್ಟು ಹೆಚ್ಚಾಗಿಯೇ ಕೇಳುತ್ತದೆ, ಕಿವಿಗೆ ಚುಚ್ಚುತ್ತದೆ. ರಿಪ್ ತಂತ್ರಾಂಶ ಬರೆಯುವ ಹಾಡುಗಳ ಪಟ್ಟಿಯಾದ ಕ್ಯೂ ಶೀಟ್‌ನಲ್ಲಿ ‘ಫ್ಲ್ಯಾಗ್ಸ್ ಪ್ರೀ’ ಎಂದಿದ್ದರೆ ಸಾಕ್ಸ್ ಎಂಬ ತಂತ್ರಾಂಶದ ಡಿಎಂಫ್ ಆದೇಶದಿಂದ ಸರಿಪಡಿಸಬಹುದು. ಸಿಡಿ ಚೆನ್ನಾಗಿದ್ದು ನಿಖರವಾದ ರಿಪ್ ಬೇರೆಯೇ ಕೇಳುವ ಅಪರೂಪದ ಸಂದರ್ಭ ಇದು.

ಸ್ಟ್ರೀಮಿಂಗ್ ಮತ್ತು ಬ್ಲೂಟೂತ್

ಆ್ಯಪ್‌ನಲ್ಲಿ ಮೊದಲು ನೋಡಬೇಕಾದ್ದು ಗುಣಮಟ್ಟದ ಸೆಟ್ಟಿಂಗ್. ವೈಫೈ, ಮೊಬೈಲ್ ಡೇಟಾ, ಡೌನ್‌ಲೋಡ್ ಮೂರಕ್ಕೂ ಬೇರೆ ಬೇರೆ ಇರುತ್ತದೆ. ‘ಆಟೋ’ ಎಂದು ಬಿಟ್ಟರೆ ನೆಟ್‌ವರ್ಕ್ ಸ್ವಲ್ಪ ತಗ್ಗಿದರೂ ಇಳಿಯುತ್ತದೆ. ಸ್ಪಾಟಿಫೈನಲ್ಲಿ ಚಂದಾ ಇಲ್ಲದವರಿಗೆ ಗರಿಷ್ಠ 160 ಕೆಬಿಪಿಎಸ್, ಪ್ರೀಮಿಯಂನಲ್ಲಿ ಪ್ಲಾನ್‌ಗೆ ತಕ್ಕಂತೆ 320ರವರೆಗೆ. 2025ರಲ್ಲಿ ಅಲ್ಲಿ ಲಾಸ್‌ಲೆಸ್ ಕೂಡ ಶುರುವಾಯಿತು, ನಿಮ್ಮ ಪ್ಲಾನ್‌ನಲ್ಲಿ ಇದೆಯೇ ನೋಡಿಕೊಳ್ಳಿ. ಆ್ಯಪಲ್ ಮ್ಯೂಸಿಕ್ 2021ರ ಜೂನ್‌ನಿಂದ ಹೆಚ್ಚುವರಿ ಹಣವಿಲ್ಲದೆ ಲಾಸ್‌ಲೆಸ್ ಕೊಡುತ್ತದೆ, ಆದರೆ ಸೆಟ್ಟಿಂಗ್ಸ್‌ನಲ್ಲಿ ನೀವೇ ಆನ್ ಮಾಡಬೇಕು. ಯೂಟ್ಯೂಬ್ ವಿಡಿಯೋದ ಧ್ವನಿ 128–160ರ ಆಸುಪಾಸು, ಚಿತ್ರವನ್ನು 1080ಕ್ಕೆ ಏರಿಸಿದರೆ ಧ್ವನಿ ಏರುವುದಿಲ್ಲ. ಯಾರೋ ಹಳೆಯ ಎಂಪಿ3ಯಿಂದ ಏರಿಸಿದ ಹಾಡಾದರೆ ಎರಡು ಸಲ ಕುಗ್ಗಿದ ಧ್ವನಿ. ಡೇಟಾ ಲೆಕ್ಕಕ್ಕೆ: 320ರಲ್ಲಿ ಗಂಟೆಗೆ 144 ಎಂಬಿ, ಸಿಡಿ ಮಟ್ಟದ ಲಾಸ್‌ಲೆಸ್‌ನಲ್ಲಿ 400 ಎಂಬಿ ಸುಮಾರು.

ಇಷ್ಟೆಲ್ಲ ಮಾಡಿ ಬ್ಲೂಟೂತ್‌ನಲ್ಲಿ ಕೇಳಿದರೆ ಸಾಮಾನ್ಯವಾಗಿ ಲಾಸ್‌ಲೆಸ್ ಉಳಿಯುವುದಿಲ್ಲ. ಫೋನ್ ಆ ಧ್ವನಿಯನ್ನು ಮತ್ತೆ ಕುಗ್ಗಿಸಿಯೇ ಕಳಿಸುತ್ತದೆ: ಬ್ಲೂಟೂತ್‌ನ ಕುಗ್ಗಿಸುವ ವಿಧಾನಗಳಲ್ಲಿ ಸಾಮಾನ್ಯವಾದ ಎಸ್‌ಬಿಸಿಯಲ್ಲಿ ಹೆಚ್ಚೆಂದರೆ 328 ಕೆಬಿಪಿಎಸ್, ಎಎಸಿಯಲ್ಲಿ 256 ಸುಮಾರು, ಎಲ್‌ಡಿಎಸಿಯಲ್ಲಿ 990ರವರೆಗೆ, ಅದೂ ಸಿಗ್ನಲ್ ಚೆನ್ನಾಗಿದ್ದರೆ. ಒಳ್ಳೆಯ ಎಎಸಿ ಕೇಳಲು ಚೆನ್ನಾಗಿಯೇ ಇರುತ್ತದೆ, ಅಡುಗೆಮನೆಯಲ್ಲಿ ಕೇಳಲು ಅಡ್ಡಿಯಿಲ್ಲ. ಕೂತು ಕೇಳುವಾಗ ಮಾತ್ರ ತಂತಿ ಜೋಡಿಸಿ. ಫೋನಿಗಾಗಲಿ ಲ್ಯಾಪ್‌ಟಾಪಿಗಾಗಲಿ ಸಣ್ಣ ಯುಎಸ್‌ಬಿ-ಸಿ ಡ್ಯಾಕ್ ಡಾಂಗಲ್ ಒಂದನ್ನು ಕೊಳ್ಳಿ. ಸಾವಿರ–ಎರಡು ಸಾವಿರ ರೂಪಾಯಿಯದೂ ಲ್ಯಾಪ್‌ಟಾಪ್ ಜ್ಯಾಕ್‌ಗಿಂತ ಸಾಮಾನ್ಯವಾಗಿ ಶುದ್ಧ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ‘ಎನ್‌ಹ್ಯಾನ್ಸ್‌ಮೆಂಟ್ಸ್’ ಎಲ್ಲ ಆಫ್ ಮಾಡಿ, ಫೂಬಾರ್2000ದಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ ಔಟ್‌ಪುಟ್ ಆರಿಸಿ. ಆಗ ಫೈಲ್‌ನ 44,100 ದರ ಬದಲಾಗದೆ ಡ್ಯಾಕ್‌ಗೆ ತಲುಪುತ್ತದೆ. ಲ್ಯಾಪ್‌ಟಾಪ್ ಜೋಡಿಸಿದಾಗ ಗುಂಯ್ ಎಂಬ ಸದ್ದಿದ್ದರೆ ಚಾರ್ಜರ್ ಕಿತ್ತು ನೋಡಿ. ನಿಂತುಹೋದರೆ ಅದು ಅರ್ಥಿಂಗ್ ಸಮಸ್ಯೆ, ಆಂಪ್ಲಿಫೈಯರ್ ಮತ್ತು ಚಾರ್ಜರ್ ಎರಡನ್ನೂ ಒಂದೇ ಮೂರು ಪಿನ್ ಬೋರ್ಡಿಗೆ ಹಾಕಿದರೆ ಅನೇಕ ಸಲ ಸರಿಹೋಗುತ್ತದೆ.

ಹೊಸ ಸಿಡಿ ಪ್ಲೇಯರ್ ಬೇಡ. ಇರುವುದು ಓದುತ್ತಿರುವವರೆಗೆ ಬಳಸಿ. ಅದು ಕೈಕೊಟ್ಟರೆ ಕೊಯಾಕ್ಸಿಯಲ್ ಡಿಜಿಟಲ್ ಔಟ್ ಇರುವ ಹಳೆಯ ಡಿವಿಡಿ ಪ್ಲೇಯರ್ ಒಂದನ್ನು ಕೊಯಾಕ್ಸಿಯಲ್ ಇನ್‌ಪುಟ್ ಇರುವ ಡ್ಯಾಕ್‌ಗೆ ಜೋಡಿಸಿದರೆ ಅದೇ ಧ್ವನಿ ಬರುತ್ತದೆ. ಉಳಿದ ಹಣ ಸ್ಪೀಕರ್‌ಗೆ ಹಾಕಿ. ಸ್ಪೀಕರ್ ಮತ್ತು ಕೋಣೆ ಮಾಡುವ ವ್ಯತ್ಯಾಸದ ಮುಂದೆ ಮೇಲಿನದ್ದೆಲ್ಲ ಚಿಕ್ಕದು.

ನೀವೇ ಪರೀಕ್ಷಿಸಿ

ಫೂಬಾರ್2000ಕ್ಕೆ ಎಬಿಎಕ್ಸ್ ಕಂಪ್ಯಾರೇಟರ್ ಎಂಬ ಜೋಡಣೆ ಸಿಗುತ್ತದೆ. ನಿಮ್ಮ ಸಿಡಿಯ ಫ್ಲ್ಯಾಕ್‌ನಿಂದಲೇ 128, ವಿ2, 320 ಮೂರು ಎಂಪಿ3 ಮಾಡಿ. ಒಂದೊಂದನ್ನೂ ಫ್ಲ್ಯಾಕ್‌ನೊಡನೆ ಜೋಡಿಸಿ, ತಂತ್ರಾಂಶ ಹೆಸರು ಮರೆಮಾಡಿ ಕೇಳಿಸುವುದನ್ನು 16 ಸಲ ಗುರುತಿಸಿ. 12 ಅಥವಾ ಹೆಚ್ಚು ಸರಿಯಾದರೆ ಅದು ಅದೃಷ್ಟವಾಗಿರುವ ಸಂಭವ ಶೇಕಡ 4ಕ್ಕಿಂತ ಕಡಿಮೆ. ಹತ್ತು ಸೆಕೆಂಡಿನ ತುಣುಕು ಆರಿಸಿಕೊಳ್ಳಿ, ಧ್ವನಿಯ ನೆನಪು ಅದಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.

ಸಿಡಿ ಪ್ಲೇಯರ್ ಮತ್ತು ಲ್ಯಾಪ್‌ಟಾಪ್ ಹೋಲಿಸಲು ಮಟ್ಟ ಸರಿಗಟ್ಟಬೇಕು. 200 ಹರ್ಟ್ಸ್‌ನ ಒಂದು ಟೋನ್ ಫೈಲ್ ಮಾಡಿ ಸಿಡಿ-ಆರ್‌ಗೂ (ಮನೆಯಲ್ಲೇ ಬರೆಯಬಹುದಾದ ಖಾಲಿ ಸಿಡಿ) ಬರೆಯಿರಿ, ಲ್ಯಾಪ್‌ಟಾಪ್‌ನಲ್ಲೂ ಇಡಿ. ಅಗ್ಗದ ಮಲ್ಟಿಮೀಟರ್‌ಗಳು 400 ಹರ್ಟ್ಸ್ ಮೇಲೆ ಸರಿಯಾಗಿ ಅಳೆಯುವುದಿಲ್ಲ, ಅದಕ್ಕೇ 200. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಸ್ಪೀಕರ್ ಟರ್ಮಿನಲ್‌ನಲ್ಲಿ ಅಳೆಯಿರಿ, ಎರಡೂ ಶೇಕಡ 1ರೊಳಗೆ ಒಂದೇ ಬರುವಂತೆ ಲ್ಯಾಪ್‌ಟಾಪ್ ವಾಲ್ಯೂಮ್ ಹೊಂದಿಸಿ. ಲ್ಯಾಪ್‌ಟಾಪ್ ಪೂರ್ತಿ ಏರಿಸಿದರೂ ಸಾಲದಿದ್ದರೆ ಪ್ರತಿ ಸಲ ಬದಲಿಸುವಾಗ ಆಂಪ್ಲಿಫೈಯರ್‌ನ ಗುಂಡಿಯನ್ನು ಗುರುತು ಹಾಕಿದ ಎರಡು ಜಾಗಗಳ ನಡುವೆ ತಿರುಗಿಸಬೇಕು. ಅಷ್ಟು ಮಾಡಿ, ಸ್ವಿಚ್ ಬದಲಾಯಿಸಲು ಮನೆಯವರಿಗೆ ಹೇಳಿ, ಬೆನ್ನು ಮಾಡಿ ಕೂತು ಕೇಳಿ.

ರಿಪ್ ಶುರು ಮಾಡುವಾಗ ಮನೆಯಲ್ಲೇ ಬರೆದ ಸಿಡಿ-ಆರ್‌ಗಳಿಂದ ಶುರು ಮಾಡಿ: ಮದುವೆಯ ಕಛೇರಿ, ಆಕಾಶವಾಣಿಯಿಂದ ಹಿಡಿದಿಟ್ಟದ್ದು, ಅಜ್ಜಿಯ ಹಾಡು. ಅವುಗಳ ಬಣ್ಣದ ಪದರ ಬೆಳಕು, ಸೆಕೆಗೆ ಮಾಸುತ್ತದೆ. ಮುದ್ರಿತ ಸಿಡಿಗಿಂತ ಬಹಳ ಬೇಗ ಹೋಗುತ್ತದೆ, ಮತ್ತೊಂದು ಪ್ರತಿ ಎಲ್ಲೂ ಸಿಗುವುದಿಲ್ಲ. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಹೆಸರು, ರಾಗ, ಪಕ್ಕವಾದ್ಯದವರನ್ನು ಕನ್ನಡದಲ್ಲೇ ಬರೆದಿಡಿ. ಚೀಟಿಯ ಫೋಟೋ ತೆಗೆದು ಅದೇ ಫೋಲ್ಡರಿಗೆ ಹಾಕಿ, ರಿಪ್‌ನ ಲಾಗ್ ಫೈಲನ್ನೂ ಅಳಿಸದೆ ಜೊತೆಗಿಡಿ. ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಪ್ರತಿ ಇರಲಿ, ಒಂದು ಬೇರೆ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಪ್ರತಿಯೊಂದು ಫ್ಲ್ಯಾಕ್ ಫೈಲ್ ತನ್ನೊಳಗೆ ಮೂಲ ಧ್ವನಿಯ ಎಂಡಿ5 ಚೆಕ್‌ಸಮ್ ಇಟ್ಟುಕೊಂಡಿರುತ್ತದೆ. ವರ್ಷಕ್ಕೊಮ್ಮೆ ಫೂಬಾರ್2000ದ ‘ವೆರಿಫೈ ಇಂಟೆಗ್ರಿಟಿ’ ಓಡಿಸಿದರೆ ಡಿಸ್ಕ್‌ನಲ್ಲಿ ಯಾವ ಹಾಡು ಕೆಟ್ಟಿದೆ ಎಂದು ಅದೇ ತೋರಿಸುತ್ತದೆ, ಆ ಒಂದನ್ನು ಇನ್ನೊಂದು ಡಿಸ್ಕ್‌ನಿಂದ ತಂದುಕೊಳ್ಳಬಹುದು.